ಬಣ್ಣದ ಪುಡಿ, ಕಾಗದದ ತರಿ: ಪೇಸ್ಟಲ್ ಚಿತ್ರಕ್ಕೆ ಕೊಪ್ಪಳ ನೆಲದ ಮೊದಲ ಪಾಠ

ಕೊಪ್ಪಳ: ಶಾಲಾ ಮಕ್ಕಳ ಚೀಲದಲ್ಲಿರುವ ಬಣ್ಣದ ಕಡ್ಡಿಗಳ ಪೆಟ್ಟಿಗೆಯ ಮೇಲೆ ‘ಪೇಸ್ಟಲ್’ ಎಂದು ಅಚ್ಚಾಗಿರುತ್ತದೆ. ಕಲಾ ಪ್ರದರ್ಶನದಲ್ಲಿ ಗಾಜಿನ ಹಿಂದೆ ತೂಗುಹಾಕಿದ ಭಾವಚಿತ್ರದ ಕೆಳಗೂ ‘ಮಾಧ್ಯಮ: ಪೇಸ್ಟಲ್’ ಎಂಬ ಚೀಟಿ ಇರುತ್ತದೆ. ಹೆಸರು ಒಂದೇ, ವಸ್ತು ಬೇರೆ. ಈ ವ್ಯತ್ಯಾಸ ತಿಳಿಯದೆ ಸ್ಟೇಷನರಿ ಅಂಗಡಿಯ ಒಂದು ಪೆಟ್ಟಿಗೆ, ಒಂದು ನುಣುಪು ಡ್ರಾಯಿಂಗ್ ಹಾಳೆ ಕೊಂಡು ಕುಳಿತವರು ಎರಡು ಮೂರು ಚಿತ್ರಗಳಿಗೇ ಬೇಸತ್ತು, ‘ಇದು ನಮ್ಮ ಕೈಗೆ ಹತ್ತುವುದಿಲ್ಲ’ ಎಂದು ಎದ್ದುಬಿಡುತ್ತಾರೆ. ಆದರೆ ತಪ್ಪು ಬಹುಪಾಲು ಕೈಯದಲ್ಲ, ಸಾಮಗ್ರಿಯದು.

ಕಲಾವಿದರು ಪೇಸ್ಟಲ್ ಎಂದು ಕರೆಯುವುದು ಒಣ ಪೇಸ್ಟಲ್ಲನ್ನು. ಬಣ್ಣದ ಪುಡಿ, ಆ ಬಣ್ಣವನ್ನು ತಿಳಿಯಾಗಿಸಲು ಸೀಮೆಸುಣ್ಣದ ಜಾತಿಯ ಬಿಳಿ ಪುಡಿ, ಕಡ್ಡಿಯ ಆಕಾರ ನಿಲ್ಲುವಷ್ಟೇ ಗೋಂದು. ಇಷ್ಟೇ ಅದರ ಒಡಲು. ಈ ಮಿಶ್ರಣವನ್ನು ನೀರಿನಲ್ಲಿ ಕಲಸಿ, ಹೊಸೆದು, ಒಣಗಿಸಿದರೆ ಕಡ್ಡಿ ಸಿದ್ಧವಾಗುತ್ತದೆ. ಕಲಸಿದ ಹಿಟ್ಟು ಎಂಬ ಅರ್ಥದ ಇಟಾಲಿಯನ್ ಮಾತಿನಿಂದಲೇ ‘ಪೇಸ್ಟಲ್’ ಎಂಬ ಹೆಸರು ಹುಟ್ಟಿದೆ. ತೈಲವರ್ಣದಲ್ಲಿ ಬಣ್ಣದ ಪುಡಿ ಎಣ್ಣೆಯೊಳಗೆ ಮುಳುಗಿರುತ್ತದೆ, ಜಲವರ್ಣದಲ್ಲಿ ಗೋಂದಿನ ತೆಳುಪೊರೆಯೊಳಗಿರುತ್ತದೆ. ಪೇಸ್ಟಲ್‌ನಲ್ಲಿ ಮಾತ್ರ ಅದು ಹೆಚ್ಚುಕಡಿಮೆ ಬೆತ್ತಲೆಯಾಗಿ ಕಾಗದದ ಮೇಲೆ ಕುಳಿತಿರುತ್ತದೆ. ಬೆಳಕು ನೇರವಾಗಿ ಪುಡಿಗೆ ತಾಗಿ ಕಣ್ಣಿಗೆ ಮರಳುವುದರಿಂದಲೇ ಈ ಚಿತ್ರಗಳಿಗೆ ಮಖಮಲ್ಲಿನಂಥ ಮೃದು ಹೊಳಪು. ಕೊಳ್ಳುವುದರಿಂದ ಹಿಡಿದು ಚೌಕಟ್ಟು ಹಾಕಿಸುವವರೆಗಿನ ಎಲ್ಲ ನಿಯಮಗಳೂ ಈ ಒಂದು ಗುಣದಿಂದಲೇ ಹೊರಡುತ್ತವೆ.

ಮಕ್ಕಳ ಪೆಟ್ಟಿಗೆಯಲ್ಲಿರುವುದು ಆಯಿಲ್ ಪೇಸ್ಟಲ್. ಅದರಲ್ಲಿ ಬಣ್ಣವನ್ನು ಹಿಡಿದಿಡುವುದು ಮೇಣ ಮತ್ತು ಎಣ್ಣೆ. 1921ರಲ್ಲಿ ಆರಂಭವಾದ ಜಪಾನಿನ ಸಕುರಾ ಕಂಪನಿಯು ಆ ದಶಕದಲ್ಲಿಯೇ ಶಾಲಾ ಮಕ್ಕಳಿಗಾಗಿ ಇದನ್ನು ಮಾರುಕಟ್ಟೆಗೆ ತಂದಿತು. 1949ರಲ್ಲಿ ಪ್ಯಾರಿಸ್ಸಿನ ಸೆನೆಲಿಯೇ ಸಂಸ್ಥೆ ಪಿಕಾಸೊ ಬಳಕೆಗೆಂದು ಇದರ ಉತ್ತಮ ದರ್ಜೆಯೊಂದನ್ನು ತಯಾರಿಸಿದ ಬಳಿಕ ದೊಡ್ಡವರ ಕೈಗೂ ಬಂತು. ಹಾಗಾಗಿ ಆಯಿಲ್ ಪೇಸ್ಟಲ್ ಕೀಳು ಎಂದು ತಿಳಿಯಬೇಕಿಲ್ಲ. ಅದು ಧೂಳೆಬ್ಬಿಸುವುದಿಲ್ಲ, ಮಕ್ಕಳಿಗೆ ಅದೇ ಸರಿ. ಆದರೆ ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಲು ಹೋದರೆ ಜಿಡ್ಡಿನ ಮೇಲೆ ಪುಡಿ ನಿಲ್ಲದೆ ಚಿತ್ರ ಕೆಡುತ್ತದೆ. ಪೆಟ್ಟಿಗೆಯ ಮೇಲೆ ‘ಸಾಫ್ಟ್ ಪೇಸ್ಟಲ್’ ಎಂದು ಬರೆದಿದೆಯೇ ಎಂದು ನೋಡಿಕೊಳ್ಳುವುದು ಹೊಸಬರ ಮೊದಲ ಕೆಲಸ. ಬೆರಳಿನಿಂದ ಉಜ್ಜಿದಾಗ ಜಿಡ್ಡು ಹತ್ತಿದರೆ ಅದು ಆಯಿಲ್, ಪುಡಿ ಹತ್ತಿದರೆ ಸಾಫ್ಟ್.

ಮೊರೇರ ಬೆಟ್ಟದ ಕೆಂಪು

ಬಣ್ಣದ ಪುಡಿಯನ್ನು ಬಹುಮಟ್ಟಿಗೆ ಬರಿದಾಗಿಯೇ ಒರಟು ಮೈಗೆ ಹತ್ತಿಸುವ ಉಪಾಯ ಈ ಜಿಲ್ಲೆಗೆ ಹೊಸತಲ್ಲ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಗ್ರಾಮದ ಬಳಿಯ ಬೆಟ್ಟಸಾಲಿನಲ್ಲಿ ನೂರಾರು ಶಿಲಾ ಸಮಾಧಿಗಳಿವೆ. ಜನರ ಬಾಯಲ್ಲಿ ಅದು ಮೊರೇರ ಬೆಟ್ಟ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಅದರ ಹೆಸರು ಹೊರಗೂ ಕೇಳಿಬರುತ್ತಿದೆ. ಈ ಪರಿಸರದ ಬಂಡೆಯಾಸರೆಗಳಲ್ಲಿ ಜಿಂಕೆ, ಕುದುರೆ, ಕೈಹಿಡಿದು ನಿಂತ ಮನುಷ್ಯರ ಚಿತ್ರಗಳು ಕೆಂಪು ಬಣ್ಣದಲ್ಲಿ ಇಂದಿಗೂ ಕಾಣಿಸುತ್ತವೆ.

ಆ ಕೆಂಪು ಕಬ್ಬಿಣದ ಆಕ್ಸೈಡ್. ಹಳ್ಳಿಗಳಲ್ಲಿ ಜಾಜು, ಕೆಮ್ಮಣ್ಣು, ಕಾವಿ ಎಂದು ಕರೆಯುವ ಮಣ್ಣಿನ ಕುಲದ್ದು. ಹಬ್ಬದ ಮುನ್ನ ಗೋಡೆಗೆ ಸುಣ್ಣ ಬಳಿದು ಕೆಳಗೆ ಎಳೆಯುವ ಕೆಂಪು ಪಟ್ಟಿಯೂ ಅದೇ. ಸಾವಿರಾರು ವರ್ಷ ಬಿಸಿಲಿನ ಪ್ರದೇಶದಲ್ಲಿದ್ದೂ ಅದು ಮಾಸದಿರಲು ಕಾರಣ ಸರಳ: ಕಬ್ಬಿಣ ಆಗಲೇ ತುಕ್ಕು ಹಿಡಿದು ಮುಗಿದಿದೆ, ಬೆಳಕು ಅದನ್ನು ಇನ್ನಷ್ಟು ಕೆಡಿಸಲಾರದು. ಇಂದು ವಿದೇಶಿ ಕಂಪನಿಯ ಪೇಸ್ಟಲ್ ಕಡ್ಡಿಯ ಸುತ್ತುಕಾಗದದ ಮೇಲೆ ‘ಪಿ.ಆರ್.101’ ಅಥವಾ ‘ಪಿ.ಆರ್.102’ ಎಂಬ ಸಂಕೇತ ಕಂಡರೆ ಅದರೊಳಗಿರುವುದು ಇದೇ ಕೆಂಪು. ಮೊದಲನೆಯದು ಕಾರ್ಖಾನೆಯಲ್ಲಿ ತಯಾರಾದದ್ದು, ಎರಡನೆಯದು ನೆಲದಿಂದ ತೆಗೆದದ್ದು. ಹಳದಿ ಮಣ್ಣಿಗೆ ‘ಪಿ.ವೈ.42’ ಮತ್ತು ‘ಪಿ.ವೈ.43’. ಬೆಲೆಬಾಳುವ ಪೆಟ್ಟಿಗೆಯಲ್ಲಿಯೂ ಅತ್ಯಂತ ನಂಬಿಕಸ್ಥ ಬಣ್ಣಗಳು ಈ ಮಣ್ಣುಗಳೇ ಆಗಿರುತ್ತವೆ. ಮೊದಲು ಮಾಸುವುದು ಗುಲಾಬಿ, ನೇರಳೆಗಳ ಪೈಕಿ ಅಗ್ಗದವು. ಪಟ್ಟಣದ ಅಂಗಡಿಗಳ ಗಾಜಿನಲ್ಲಿ ಬೆಳ್ಳಗಾದ ಹಳೆಯ ಪೋಸ್ಟರುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಒಂದು ಮಾತು ಇಲ್ಲಿಯೇ ಹೇಳಬೇಕು. ಬಂಡೆಚಿತ್ರಗಳನ್ನು ಅಭ್ಯಾಸಕ್ಕಾಗಿ ನೋಡಿ ಬರೆದುಕೊಳ್ಳಲು ಹೋಗುವವರು ಅವುಗಳ ಅಂಚನ್ನು ಸೀಮೆಸುಣ್ಣದಿಂದ ತಿದ್ದುವುದು, ಫೋಟೊದಲ್ಲಿ ಸ್ಪಷ್ಟ ಬರಲೆಂದು ನೀರು ಎರಚುವುದು, ಬಂಡೆಯಿಂದ ಪುಡಿ ಕೆರೆಯುವುದು ಮಾಡಬಾರದು. ಹೀಗೆ ಹೋದ ಗೆರೆಯನ್ನು ಯಾವ ಇಲಾಖೆಯೂ ಮರಳಿ ತರಲಾರದು. ಜಾಜಿನ ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ.

ಕಿನ್ನಾಳದ ಮೈಗಟ್ಟು

ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಲ್ಲಿನ ಗೊಂಬೆಗೂ ಪೇಸ್ಟಲ್‌ಗೂ ನೇರ ನಂಟೇನಿಲ್ಲ. ಆದರೆ ಗೊಂಬೆ ತಯಾರಾಗುವ ಕ್ರಮ ನೋಡಿದರೆ ಪೇಸ್ಟಲ್ ಕಲಿಯುವವರು ಸಾಮಾನ್ಯವಾಗಿ ಕಡೆಗಣಿಸುವ ಸಂಗತಿಯೊಂದು ಎದ್ದು ಕಾಣುತ್ತದೆ. ಹಗುರ ಮರವನ್ನು ಕೆತ್ತಿ ಜೋಡಿಸಿದ ಮೇಲೆ ಚಿತ್ರಗಾರರು ಕೂಡಲೇ ಬಣ್ಣಕ್ಕೆ ಕೈಹಾಕುವುದಿಲ್ಲ. ಹುಣಸೆಬೀಜದ ಅಂಟು ಬೆರೆತ ಲೇಪದಿಂದ ಸಂದುಗಳನ್ನು ತುಂಬುತ್ತಾರೆ. ಕಲ್ಲಿನ ನುಣ್ಣನೆಯ ಪುಡಿ ಮತ್ತು ಗೋಂದಿನ ಮಿಶ್ರಣದಿಂದ ಮೈ ಕಟ್ಟುತ್ತಾರೆ, ಆಭರಣಗಳ ಉಬ್ಬುಗೆರೆ ಎಳೆಯುತ್ತಾರೆ. ಬಿಳಿಯ ಪೂರ್ವಲೇಪ ಒಣಗಿದ ಬಳಿಕವೇ ಬಣ್ಣದ ಸರದಿ. ಕೆಲಸದ ಬಹುಭಾಗ ಬಣ್ಣಕ್ಕೆ ಮುಂಚೆಯೇ ಮುಗಿದಿರುತ್ತದೆ.

ಪೇಸ್ಟಲ್‌ನಲ್ಲಿ ಈ ಪೂರ್ವಲೇಪದ ಜಾಗದಲ್ಲಿರುವುದು ಕಾಗದ. ಅಂಟು ಕಡಿಮೆ ಇರುವ ಪುಡಿಯನ್ನು ಹಿಡಿದಿಟ್ಟುಕೊಳ್ಳುವುದು ಕಾಗದದ ತರಿ. ಶಾಲೆಯ ಡ್ರಾಯಿಂಗ್ ಹಾಳೆ ನುಣುಪಾಗಿರುವುದರಿಂದ ಒಂದೆರಡು ಪದರಕ್ಕೇ ತುಂಬಿಹೋಗಿ, ಮೂರನೆಯ ಪದರ ಜಾರತೊಡಗುತ್ತದೆ. ಆಗ ಕಲಿಯುವವರು ಮತ್ತಷ್ಟು ಒತ್ತಿ ತಿಕ್ಕುತ್ತಾರೆ. ಹಾಳೆ ಮಿರುಗುತ್ತದೆ, ಬಣ್ಣ ಕೊಳೆಯಾಗುತ್ತದೆ. ಮೊದಲೇ ಹೇಳಿದ ಬೇಸರ ಹುಟ್ಟುವುದು ಇಲ್ಲಿಯೇ.

ಹಣ ಸೀಮಿತವಾಗಿದ್ದರೆ ಕಡ್ಡಿಗಳ ಸಂಖ್ಯೆ ಕಡಿಮೆ ಮಾಡಿ ಕಾಗದಕ್ಕೆ ಖರ್ಚು ಮಾಡುವುದು ಮೇಲು. ಫ್ರಾನ್ಸಿನ ಕ್ಯಾನ್ಸನ್ ಕಂಪನಿಯ ‘ಮಿ-ತೇಂತ್’ ಎಂಬ 160 ಗ್ರಾಮಿನ ಬಣ್ಣದ ಕಾಗದ ಇದಕ್ಕೆ ಹೆಸರಾದದ್ದು. ಅದರ ಒಂದು ಮಗ್ಗುಲಲ್ಲಿ ಜೇನುಹುಟ್ಟಿನಂಥ ಉಬ್ಬುಚುಕ್ಕೆಗಳಿವೆ, ಇನ್ನೊಂದು ಮಗ್ಗುಲು ನವಿರಾಗಿದೆ. ಯಾವ ಮಗ್ಗುಲು ಬೇಕೆಂಬುದು ಅವರವರ ಇಷ್ಟ, ಮುಖ ಬರೆಯುವವರಿಗೆ ನವಿರು ಹಿಡಿಸೀತು. ಉಸುಕುಹಾಳೆಯಂತೆ ತರಿಯಿರುವ ವಿಶೇಷ ಕಾಗದಗಳೂ ಇವೆ, ಅವು ದುಬಾರಿ. ಅಭ್ಯಾಸಕ್ಕೆ ಒರಟು ಜಲವರ್ಣ ಕಾಗದ ಸಾಕು. ಕಂದು ಬಣ್ಣದ ಪ್ಯಾಕಿಂಗ್ ಕಾಗದದ ಒರಟು ಮಗ್ಗುಲೂ ಆದೀತು. ಅದು ಕೆಲ ವರ್ಷಗಳಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ ಎಂಬುದು ನೆನಪಿದ್ದರೆ ಸರಿ.

ಮನೆಯಲ್ಲಿಯೇ ಮೈಗಟ್ಟು ತಯಾರಿಸುವವರೂ ಇದ್ದಾರೆ. ದಪ್ಪ ಜಲವರ್ಣ ಕಾಗದ ಅಥವಾ ಮೌಂಟ್ ಬೋರ್ಡಿನ ಮೇಲೆ ಆಕ್ರಿಲಿಕ್ ಜೆಸ್ಸೊಗೆ ನುಣ್ಣನೆಯ ಅಮೃತಶಿಲೆಯ ಪುಡಿ ಮತ್ತು ತುಸು ನೀರು ಬೆರೆಸಿ, ಅಗಲ ಕುಂಚದಿಂದ ತೆಳುವಾಗಿ ಎರಡು ಸಲ ಬಳಿದರೆ ಒಳ್ಳೆಯ ತರಿ ಬರುತ್ತದೆ. ಆದರೆ ಅಮೃತಶಿಲೆಯ ಪುಡಿ ಸಿಗಲಿಲ್ಲವೆಂದು ಗ್ರಾನೈಟ್ ಘಟಕಗಳ ಪುಡಿಯನ್ನು ತರಬಾರದು. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗಕ್ಕೆ ದಾರಿ. ಅಮೃತಶಿಲೆಯ ಪುಡಿಯನ್ನು ಬೆರೆಸುವಾಗಲೂ ಮಾಸ್ಕ್ ಬೇಕು.

ಎಷ್ಟು ಕಡ್ಡಿ ಸಾಕು?

ಜಲವರ್ಣದಲ್ಲಿ ನೀರು ಹೆಚ್ಚಿಸಿದರೆ ಬಣ್ಣ ತಿಳಿಯಾಗುತ್ತದೆ. ಪೇಸ್ಟಲ್‌ನಲ್ಲಿ ಆ ಸೌಲಭ್ಯವಿಲ್ಲ. ತಿಳಿನೀಲಿ ಬೇಕಾದರೆ ತಿಳಿನೀಲಿಯ ಕಡ್ಡಿಯೇ ಬೇಕು, ಇಲ್ಲವೇ ಕಾಗದದ ಮೇಲೆಯೇ ನೀಲಿಯ ಪಕ್ಕ ಬಿಳಿ ಗೆರೆ ಸೇರಬೇಕು. ವೃತ್ತಿಪರರ ಪೆಟ್ಟಿಗೆಗಳಲ್ಲಿ ನೂರಾರು ಕಡ್ಡಿಗಳಿರುವುದು ಆಡಂಬರಕ್ಕಲ್ಲ, ಈ ಕಾರಣಕ್ಕೆ. ಹಾಗೆಂದು ಹೊಸಬರು ನೂರರ ಪೆಟ್ಟಿಗೆ ಕೊಂಡರೆ ಬಣ್ಣ ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತದೆ. 24 ಅಥವಾ 32 ಅರ್ಧಕಡ್ಡಿಗಳ ಪೆಟ್ಟಿಗೆ ಸಾಕು. ಅರ್ಧಕಡ್ಡಿಯ ಅನುಕೂಲವೆಂದರೆ ಅದನ್ನು ಅಡ್ಡಲಾಗಿ ಹಿಡಿದು ಬಳಿಯಬಹುದು. ಪೂರ್ತಿ ಕಡ್ಡಿ ಕೊಂಡವರು ಧೈರ್ಯ ಮಾಡಿ ಮುರಿಯಲೇಬೇಕು, ಸುತ್ತುಕಾಗದ ಕಿತ್ತೆಸೆಯಲೇಬೇಕು. ಆದರೆ ಅದರ ಮೇಲಿನ ಸಂಕೇತವನ್ನು ಒಂದು ಪುಸ್ತಕದಲ್ಲಿ ಬಣ್ಣದ ಗುರುತಿನ ಜೊತೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಭಾರತದ ಕ್ಯಾಮೆಲ್, ದಕ್ಷಿಣ ಕೊರಿಯಾದ ಮುಂಗ್ಯೊ, ಜರ್ಮನಿಯ ಫೇಬರ್-ಕ್ಯಾಸಲ್ ಕಡ್ಡಿಗಳು ಆರಂಭಕ್ಕೆ ಸಾಕು. ನೆದರ್ಲೆಂಡ್ಸಿನ ರೆಂಬ್ರಾಂಟ್, ಫ್ರಾನ್ಸಿನ ಸೆನೆಲಿಯೇ ಮೇಲಿನ ದರ್ಜೆಯವು. ಕಡ್ಡಿ ಮೆದುವಾದಷ್ಟೂ ಅಂಟು ಕಡಿಮೆ, ಬಣ್ಣ ಹೆಚ್ಚು, ಬೇಗ ಸವೆಯುತ್ತದೆ. ಗಟ್ಟಿ ಕಡ್ಡಿಯಲ್ಲಿ ಕೆಳಪದರ ಹಾಕಿ, ಮೆದುಕಡ್ಡಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಕ್ರಮ. ಕಲಾ ಸಾಮಗ್ರಿಯ ದೊಡ್ಡ ಅಂಗಡಿಗಳು ಹುಬ್ಬಳ್ಳಿ, ಬೆಂಗಳೂರಿನಂಥ ನಗರಗಳಲ್ಲಿವೆ. ಉಳಿದ ಕಡೆಯವರಿಗೆ ಅಂಚೆ, ಕೊರಿಯರ್‌ಗಳೇ ಗತಿ. ಬಂದ ಪೆಟ್ಟಿಗೆಯಲ್ಲಿ ಒಂದೆರಡು ಕಡ್ಡಿ ಮುರಿದಿದ್ದರೆ ಚಿಂತಿಸಬೇಕಿಲ್ಲ. ತುಂಡುಗಳೂ ಅಷ್ಟೇ ಕೆಲಸ ಮಾಡುತ್ತವೆ, ಪುಡಿಯಾದದ್ದನ್ನು ಹನಿ ನೀರಿನಲ್ಲಿ ಕಲಸಿ ಹೊಸೆದು ಒಣಗಿಸಿದರೆ ಮತ್ತೆ ಕಡ್ಡಿಯಾಗುತ್ತದೆ.

ಮೊದಲ ಚಿತ್ರ: ನೀರಿನ ಗಡಿಗೆ

ಮೊದಲ ದಿನವೇ ಮುಖ, ದೇವರ ಚಿತ್ರಕ್ಕೆ ಹೋಗದೆ ಮನೆಯ ಮಣ್ಣಿನ ಗಡಿಗೆಯನ್ನು ಎದುರಿಗಿಟ್ಟುಕೊಳ್ಳುವುದು ಉತ್ತಮ. ಒಂದೇ ಕಿಟಕಿಯ ಬೆಳಕು ಒಂದು ಮಗ್ಗುಲಿನಿಂದ ಬೀಳಲಿ. ಕಂದು ಅಥವಾ ಬೂದು ಬಣ್ಣದ ಕಾಗದವನ್ನು ಬೋರ್ಡಿಗೆ ಟೇಪಿನಿಂದ ಅಂಟಿಸಿ, ಬೋರ್ಡನ್ನು ನೆಟ್ಟಗೆ, ತುಸು ಮುಂದಕ್ಕೆ ಬಾಗಿಸಿ ನಿಲ್ಲಿಸಬೇಕು. ಆಗ ಉದುರಿದ ಪುಡಿ ಚಿತ್ರದ ಮೇಲೆ ಕೂರದೆ ಕೆಳಗೆ ಬೀಳುತ್ತದೆ. ಬಿಳಿ, ಹಳದಿ ಮಣ್ಣು, ಜಾಜು, ಗಾಢ ಕಂದು, ಅಲ್ಟ್ರಾಮರೀನ್ ನೀಲಿ. ಈ ಐದೇ ಕಡ್ಡಿ.

ಅಂದಾಜು ಗೆರೆಯನ್ನು ಇದ್ದಿಲು ಅಥವಾ ಗಟ್ಟಿ ಪೇಸ್ಟಲ್‌ನಿಂದ ಎಳೆಯಬೇಕು. ಪೆನ್ಸಿಲ್ ಬೇಡ, ಅದರ ಗ್ರಾಫೈಟ್ ಜಾರುವ ಗುಣದ್ದಾದ್ದರಿಂದ ಆ ಗೆರೆಯ ಮೇಲೆ ಪುಡಿ ಹಿಡಿಯದು. ಬಳಿಕ ಕಣ್ಣನ್ನು ಅರೆಮುಚ್ಚಿ ಗಡಿಗೆಯನ್ನು ನೋಡಬೇಕು. ವಿವರಗಳು ಮಾಯವಾಗಿ ಬೆಳಕು, ನಡುನೆರಳು, ಕಗ್ಗತ್ತಲು ಎಂಬ ಮೂರು ಪ್ರದೇಶಗಳಷ್ಟೇ ಉಳಿಯುತ್ತವೆ. ಚಿತ್ರ ನಿಲ್ಲುವುದು ಬಣ್ಣದ ಮೇಲಲ್ಲ, ಈ ಮೂರರ ಮೇಲೆ. ಮೊದಲು ಕತ್ತಲಿನ ಭಾಗವನ್ನು ಗಾಢ ಕಂದು ಮತ್ತು ನೀಲಿ ಕಡ್ಡಿಗಳ ಮಗ್ಗುಲಿನಿಂದ ಹಗುರವಾಗಿ ತುಂಬಬೇಕು. ನಂತರ ಜಾಜು. ಬೆಳಕಿನ ಕಡೆಗೆ ಹಳದಿ ಮಣ್ಣು. ನಡುನೆರಳಿನ ಕೆಲ ಕಡೆ ಕಾಗದದ ಬಣ್ಣವನ್ನೇ ಬಿಟ್ಟುಬಿಡಬಹುದು, ಬಣ್ಣದ ಕಾಗದ ಕೊಂಡ ಲಾಭ ಸಿಗುವುದು ಆಗ. ಗಡಿಗೆಯ ಹೊಟ್ಟೆಯ ಹೊಳೆಯುವ ಚುಕ್ಕೆಗೆ ಬಿಳಿ ಕಡ್ಡಿಯನ್ನು ಎಲ್ಲಕ್ಕಿಂತ ಕೊನೆಗೆ, ಒಂದೇ ಸಲ ಒತ್ತಿ, ತೆಗೆದಿಡಬೇಕು.

ಬೆರಳಿನಿಂದ ತಿಕ್ಕಿ ನುಣುಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಒಂದಿಷ್ಟು ತಿಕ್ಕಿದರೆ ತಪ್ಪಿಲ್ಲ. ಇಡೀ ಚಿತ್ರವನ್ನು ತಿಕ್ಕಿದರೆ ಪುಡಿಯ ಕಣಗಳು ತರಿಯೊಳಗೆ ಹುದುಗಿ, ಬೆಳಕು ಮರಳಿಸುವ ಗುಣ ಕಳೆದುಕೊಂಡು ಚಿತ್ರ ಮಂಕಾಗುತ್ತದೆ. ಫ್ರಾನ್ಸಿನ ಎಡ್ಗರ್ ದೆಗಾ ನರ್ತಕಿಯರ ಚಿತ್ರಗಳಲ್ಲಿ ಬಣ್ಣಗಳನ್ನು ತಿಕ್ಕಿ ಬೆರೆಸುವ ಬದಲು ಗೆರೆಗಳನ್ನು ಒಂದರ ಮೇಲೊಂದು ಎಳೆದು, ಬೆರೆಸುವ ಕೆಲಸವನ್ನು ನೋಡುಗರ ಕಣ್ಣಿಗೆ ಬಿಟ್ಟದ್ದು ಸುಮ್ಮನಲ್ಲ. ಅದೇ ದೇಶದ ಶಾರ್ಡೆಂ ಜೀವನವಿಡೀ ತೈಲವರ್ಣದಲ್ಲಿ ಬರೆದು, 1770ರ ದಶಕದಲ್ಲಿ ಕಣ್ಣಿನ ತೊಂದರೆಯಿಂದಾಗಿ ಪೇಸ್ಟಲ್ ಹಿಡಿದ. ಆ ಮುಪ್ಪಿನ ಸ್ವಂತ ಭಾವಚಿತ್ರಗಳಲ್ಲಿ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ನಮ್ಮಲ್ಲಿ ಅವನೀಂದ್ರನಾಥ ಠಾಕೂರರು ಇಟಲಿಯ ಗಿಲಾರ್ಡಿಯವರಿಂದ ಪೇಸ್ಟಲ್ ಕಲಿತು ಭಾವಚಿತ್ರಗಳನ್ನು ಬರೆದವರು, ಬಂಗಾಳ ಶೈಲಿಯ ಹೆಸರು ಬಂದದ್ದು ಆಮೇಲೆ. ಪೇಸ್ಟಲ್ ಎಂದರೆ ಅಭ್ಯಾಸದ ಕಚ್ಚಾ ಸರಕು ಎನ್ನುವವರಿಗೆ ಇನ್ನೊಂದು ಸಂಗತಿ: ನಾರ್ವೆಯ ಎಡ್ವರ್ಡ್ ಮುಂಕ್ 1895ರಲ್ಲಿ ಪೇಸ್ಟಲ್‌ನಲ್ಲಿ ಬರೆದ ‘ಚೀತ್ಕಾರ’ ಚಿತ್ರ 2012ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 12 ಕೋಟಿ ಡಾಲರಿಗೆ ಮಾರಾಟವಾಯಿತು.

ಬಂಡೆ ಬೂದುಬಣ್ಣವಲ್ಲ

ಗಡಿಗೆ ಕೈಗೆ ಬಂದ ಬಳಿಕ ಮನೆಯಿಂದ ಹೊರಗೆ ಬರಬಹುದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿಂದ ಆರಂಭವಾಯಿತು. ಕುಕನೂರು, ಕನಕಗಿರಿ, ಕಾರಟಗಿಗಳು ತಾಲ್ಲೂಕುಗಳಾದದ್ದು ನಂತರ. ಚಿತ್ರ ಬರೆಯುವವರ ದೃಷ್ಟಿಯಿಂದ ನೋಡಿದರೆ ಹಳೆಯ ನಾಲ್ಕು ತಾಲ್ಲೂಕುಗಳಿಗೂ ಒಂದೊಂದು ಬಣ್ಣದ ಪೆಟ್ಟಿಗೆ ಬೇಕಾಗುತ್ತದೆ.

ಕೊಪ್ಪಳ ಮತ್ತು ಗಂಗಾವತಿಯ ಸುತ್ತ ಬಂಡೆಗಳದೇ ರಾಜ್ಯ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದ ಗ್ರಾನೈಟ್, ಬಿರುಕುಗಳ ಗುಂಟ ಸವೆದು ದುಂಡಾಗಿ ಒಂದರ ಮೇಲೊಂದು ನಿಂತಂತಿದೆ. ಅಶೋಕನ ಶಾಸನವಿರುವ ಪಾಲ್ಕಿಗುಂಡು ಪಲ್ಲಕ್ಕಿಯ ಹಾಗೆ ಕಾಣುವುದೂ ಈ ಸವೆತದಿಂದಲೇ. ಹೊಸಬರು ಬಂಡೆ ಎಂದೊಡನೆ ಬೂದು ಕಡ್ಡಿ ಹುಡುಕುತ್ತಾರೆ. ಕಣ್ಣಿಟ್ಟು ನೋಡಿದರೆ ಬೆಳಗಿನ ಏಳು ಗಂಟೆಯ ಬಂಡೆಯ ಬಿಸಿಲುಮೈ ಕಿತ್ತಳೆ ಬೆರೆತ ಹಳದಿ, ನೆರಳುಮೈ ನೀಲಿ ಬೆರೆತ ನೇರಳೆ, ಮಳೆನೀರು ಹರಿದ ಜಾಡು ಮಾತ್ರ ಕಪ್ಪು. ನೆಲಕ್ಕೆ ಹತ್ತಿರದ ನೆರಳಿನಲ್ಲಿ ಮಣ್ಣಿನಿಂದ ಚಿಮ್ಮಿದ ಕೆಂಪು ಬೆಳಕೂ ಇರುತ್ತದೆ. ಬಂಡೆಯ ಮೈ ಒರಟಾಗಿರುವುದರಿಂದ ಕಡ್ಡಿಯ ಮಗ್ಗುಲನ್ನು ಕಾಗದದ ತರಿಯ ಮೇಲೆ ಹಗುರವಾಗಿ ಎಳೆದರೆ ಅರ್ಧ ಕೆಲಸವನ್ನು ಕಾಗದವೇ ಮಾಡಿಕೊಡುತ್ತದೆ. ಬೇರೆ ಯಾವ ಮಾಧ್ಯಮದಲ್ಲಿಯೂ ಗ್ರಾನೈಟ್ ಇಷ್ಟು ಸುಲಭವಾಗಿ ಬರಲಾರದು ಎಂದರೆ ಅತಿಶಯೋಕ್ತಿಯಲ್ಲ. ಮಧ್ಯಾಹ್ನದ ಹೊತ್ತು ಹೋಗಿ ಪ್ರಯೋಜನವಿಲ್ಲ. ನೆತ್ತಿಯ ಬಿಸಿಲಿನಲ್ಲಿ ಬಂಡೆಗಳು ಚಪ್ಪಟೆಯಾಗಿ ಕಾಣುತ್ತವೆ.

ಗಂಗಾವತಿಯ ಇನ್ನೊಂದು ಮುಖ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ. ಪೆಟ್ಟಿಗೆಯಲ್ಲಿ ಬರುವ ಹಸಿರು ಕಡ್ಡಿಗಳು ಸಾಮಾನ್ಯವಾಗಿ ಅತಿಯಾಗಿ ಹಸಿರು. ಅವನ್ನು ಹಾಗೆಯೇ ಬಳಿದರೆ ಗದ್ದೆ ಪ್ಲಾಸ್ಟಿಕ್ ಹಾಸಿನಂತಾಗುತ್ತದೆ. ಮೊದಲು ಜಾಜಿನ ತೆಳುಪದರ ಹಾಕಿ ಅದರ ಮೇಲೆ ಹಸಿರೆಳೆದರೆ, ಸಂದುಗಳಿಂದ ಇಣುಕುವ ಕೆಂಪು ಹಸಿರಿನ ಸೊಕ್ಕು ಇಳಿಸುತ್ತದೆ. ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಇದೇ ಪಾಠ ಇನ್ನೊಂದು ರೀತಿ. ಕರಿನೆಲಕ್ಕೆ ಕಪ್ಪು ಕಡ್ಡಿ ಹಾಕಿದರೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಗಾಢ ಕಂದು, ನೀಲಿ, ಒಂದಿಷ್ಟು ನೇರಳೆ ಸೇರಿದರೆ ಎರೆ ಎರೆಯಂತೆ ಕಾಣುತ್ತದೆ. ಜೋಳದ ಕೂಳೆಯ ಒಣ ಹಳದಿಯನ್ನು ಅದರ ಮೇಲೆ ಕಡ್ಡಿಯ ತುದಿಯಿಂದ ನಾಲ್ಕೇ ಗೆರೆ ಎಳೆದರೂ ಸಾಕು. ಆ ಭಾಗದಲ್ಲಿರುವ, 1112ರಲ್ಲಿ ಕಟ್ಟಲಾದ ಇಟಗಿಯ ಮಹಾದೇವ ದೇವಾಲಯ ಮಾತ್ರ ಹೊಸಬರಿಗೆ ಹೇಳಿದ್ದಲ್ಲ. ಬಳಪದ ಕಲ್ಲಿನ ಅಷ್ಟು ಸೂಕ್ಷ್ಮ ಕೆತ್ತನೆಯನ್ನು ದಪ್ಪ ಕಡ್ಡಿಯಲ್ಲಿ ಹಿಡಿಯಹೋಗಿ ಸೋಲುವುದಕ್ಕಿಂತ, ಒಂದೇ ಕಂಬದ ನೆರಳು-ಬೆಳಕಿನಿಂದ ಆರಂಭಿಸುವುದು ಜಾಣತನ. ಕುಷ್ಟಗಿಯ ಕಡೆಗೆ ಇಳಕಲ್ ಗ್ರಾನೈಟಿನ ಕೆಂಪು, ಗುಲಾಬಿ ಕಲ್ಲುಗಳು ಕಾಣುತ್ತವೆ. ಅಲ್ಲಿಗೆ ಬಿಳಿ ಬೆರೆತ ಜಾಜಿನ ಎರಡು ಮೂರು ಛಾಯೆಗಳನ್ನು ಬೇರೆಯಾಗಿ ತೆಗೆದುಕೊಂಡು ಹೋಗಬೇಕು.

ಧೂಳು ಹಗುರವಾಗಿ ಕಾಣುವ ಅಪಾಯ

ಮಣ್ಣಿನ ಬಣ್ಣಗಳು ಬಹುಮಟ್ಟಿಗೆ ನಿರಪಾಯಕರ. ಎಲ್ಲ ಕಡ್ಡಿಗಳೂ ಹಾಗಲ್ಲ. ಕೆಲವು ಹೊಳೆಯುವ ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೆಲವು ನೀಲಿಗಳಲ್ಲಿ ಕೋಬಾಲ್ಟ್ ಇರುತ್ತದೆ. ತೈಲವರ್ಣದಲ್ಲಿ ಇವು ಎಣ್ಣೆಯಲ್ಲಿ ಸೆರೆಯಾಗಿರುತ್ತವೆ. ಪೇಸ್ಟಲ್‌ನಲ್ಲಿ ಉಸಿರಾಡುವ ಗಾಳಿಯಲ್ಲಿ ತೇಲುತ್ತವೆ. ಕ್ಯಾಡ್ಮಿಯಂ ಧೂಳು ದೀರ್ಘಕಾಲ ದೇಹ ಸೇರಿದರೆ ಮೂತ್ರಪಿಂಡಕ್ಕೆ ಹಾನಿ, ಅದು ಕ್ಯಾನ್ಸರಿಗೂ ಕಾರಣವಾಗಬಲ್ಲದು. ಆದ್ದರಿಂದ ಕಡ್ಡಿಯ ಮೇಲೆ ಕ್ಯಾಡ್ಮಿಯಂ ಹೆಸರು ಅಥವಾ ‘ಪಿ.ವೈ.35’, ‘ಪಿ.ಆರ್.108’ ಸಂಕೇತ ಕಂಡರೆ ಹೊಸಬರು ಅದನ್ನು ಬಿಟ್ಟು ಬೇರೆಯದನ್ನು ಆರಿಸುವುದು ಕ್ಷೇಮ. ಏನನ್ನೂ ಬರೆಯದ ಅಗ್ಗದ ಪೆಟ್ಟಿಗೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು.

ಚಿತ್ರದ ಮೇಲಿನ ಪುಡಿಯನ್ನು ಬಾಯಿಂದ ಊದುವುದು ಎಲ್ಲರೂ ಮಾಡುವ, ಯಾರೂ ಮಾಡಬಾರದ ಕೆಲಸ. ಬೋರ್ಡನ್ನು ಹೊರಗೆ ಒಯ್ದು ಹಿಂದಿನಿಂದ ಮೆಲ್ಲನೆ ತಟ್ಟಿದರೆ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಫ್ಯಾನ್ ನಿಲ್ಲಿಸಿ ಕುಳಿತುಕೊಳ್ಳಿ ಎನ್ನುವುದು ಕ್ರೂರವಾದೀತು. ಆದರೆ ತಿರುಗುವ ಫ್ಯಾನಿನ ಕೆಳಗೆ ಪೇಸ್ಟಲ್ ಬರೆಯುವುದೆಂದರೆ ಬಣ್ಣವನ್ನು ಮನೆಮಂದಿಗೆಲ್ಲ ಹಂಚಿದಂತೆ. ಬೆಳಗಿನ ತಂಪಿನಲ್ಲಿ, ಅಡುಗೆಮನೆಯಿಂದ ದೂರ, ಕೂಸುಗಳು ತೆವಳುವ ಜಾಗ ಬಿಟ್ಟು ಕುಳಿತುಕೊಳ್ಳಬೇಕು. ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸಬೇಕು, ನೆಲವನ್ನು ಗುಡಿಸದೆ ಒರೆಸಬೇಕು. ಕೆಲಸದ ನಡುವೆ ಚಹಾ, ಎಲೆ-ಅಡಿಕೆ ಬೇಡ. ಕೈಯಲ್ಲಿ ಗಾಯವಿದ್ದರೆ ತೆಳು ಕೈಗವಸು ಇರಲಿ. ಆಸ್ತಮಾ ಇದ್ದವರಿಗೆ ಆಯಿಲ್ ಪೇಸ್ಟಲ್ಲೇ ಲೇಸು.

ಒಂದಕ್ಕೊಂದು ತಾಗಿ ಕೊಳೆಯಾದ ಕಡ್ಡಿಗಳನ್ನು ಶುಚಿಗೊಳಿಸಲು ಗಂಗಾವತಿಯವರಿಗೆ ಸಾಮಗ್ರಿ ಹುಡುಕಬೇಕಾಗಿಲ್ಲ. ಡಬ್ಬಿಯಲ್ಲಿ ಹಿಡಿ ಅಕ್ಕಿ ಹಾಕಿ, ಕಡ್ಡಿಗಳನ್ನಿಟ್ಟು ಮೆಲ್ಲನೆ ಅಲುಗಿಸಿದರೆ ಮೇಲಿನ ಕೊಳೆ ಅಕ್ಕಿಗೆ ಹತ್ತುತ್ತದೆ. ರವೆಯೂ ಆದೀತು. ಆ ಅಕ್ಕಿಯನ್ನು ಮಾತ್ರ ಕೋಳಿಗಾಗಲಿ ದನಕ್ಕಾಗಲಿ ಹಾಕದೆ ಕಸಕ್ಕೆ ಕಳಿಸಬೇಕು.

ಮುಗಿದ ಮೇಲೆ

ಚಿತ್ರ ಮುಗಿದರೂ ಪುಡಿ ಸಡಿಲವಾಗಿಯೇ ಇರುತ್ತದೆ, ತೋಳು ತಾಗಿದರೆ ಹೋಯಿತು. ಇದಕ್ಕೆ ಫಿಕ್ಸೆಟಿವ್ ಎಂಬ ಸಿಂಪಡಣೆ ಸಿಗುತ್ತದೆ. ಅದು ಪುಡಿಯ ಕಣಗಳನ್ನು ತೆಳುವಾಗಿ ಅಂಟಿಸುತ್ತದೆ, ಜೊತೆಗೇ ತಿಳಿಬಣ್ಣಗಳನ್ನು ಕಪ್ಪಾಗಿಸುತ್ತದೆ. ಹಾಗಾಗಿ ನಡುವಿನ ಪದರಗಳಿಗೆ ಒಂದೆರಡು ಸಲ ಬಳಸಿ, ಕೊನೆಯ ಬೆಳಕಿನ ಗೆರೆಗಳನ್ನು ಹಾಗೆಯೇ ಬಿಡುವುದು ವಾಡಿಕೆ. ಸಿಂಪಡಿಸುವುದು ಬಯಲಿನಲ್ಲಿಯೇ ಆಗಬೇಕು. ಕೂದಲಿಗೆ ಹಾಕುವ ಸ್ಪ್ರೇ ಅದರ ಬದಲಿಯಲ್ಲ, ಅದು ಕಾಲಕ್ರಮೇಣ ಹಳದಿಗಟ್ಟುತ್ತದೆ.

ಬಸ್ಸಿನಲ್ಲಿ ಒಯ್ಯುವುದಾದರೆ ಚಿತ್ರದ ಮೇಲೆ ಬಟರ್ ಪೇಪರ್ ಹೊದಿಸಿ, ಜಾರದಂತೆ ಅಂಚಿಗೆ ಟೇಪು ಹಚ್ಚಿ, ಎರಡು ರಟ್ಟುಗಳ ನಡುವೆ ಬಿಗಿಯಾಗಿ ಕಟ್ಟಬೇಕು. ಸುರುಳಿ ಸುತ್ತಿದರೆ ಬಣ್ಣ ಬಿರಿದು ಉದುರುತ್ತದೆ. ಚೌಕಟ್ಟಿಗೆ ಕೊಡುವಾಗ ಗಾಜು ಚಿತ್ರಕ್ಕೆ ತಾಗಕೂಡದು, ನಡುವೆ ಮೌಂಟ್ ಬೋರ್ಡಿನ ದಪ್ಪದಷ್ಟಾದರೂ ಅಂತರವಿರಬೇಕು ಎಂದು ಅಂಗಡಿಯವರಿಗೆ ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಫೋಟೊಗಳಿಗೆ ಕಟ್ಟು ಹಾಕಿ ರೂಢಿಯಾದವರು ಗಾಜನ್ನು ಮೇಲೆಯೇ ಒತ್ತಿಬಿಡುತ್ತಾರೆ. ಹಗುರವೆಂದು ಆಕ್ರಿಲಿಕ್ ಹಾಳೆ ಹಾಕಿಸುವುದೂ ಬೇಡ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತು ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ತೂಗುಹಾಕಿದರೆ ಕಾಗದಕ್ಕೂ ಗೋಂದಿಗೂ ಬೂಷ್ಟು ಬರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಜಾಜು, ಹಳದಿ ಮಣ್ಣುಗಳ ಚಿತ್ರವಾದರೆ ಬೆಳಕಿನ ಭಯ ಅಷ್ಟಿಲ್ಲ. ಗುಲಾಬಿ, ನೇರಳೆ ಹೆಚ್ಚಿದ್ದರೆ ಪಡುವಣ ಕಿಟಕಿಯ ಎದುರಿನ ಗೋಡೆಯನ್ನು ಬಿಟ್ಟು ಬೇರೆ ಮೊಳೆ ಹುಡುಕಿಕೊಳ್ಳಬೇಕು.